ಮಾತಿನ ಹಿಂದುಮುಂದು

ಕನ್ನಡ ಶಾಲೆಯಲ್ಲಿ ಓದಿದ ಯಾರೂ ಮರೆಯಲಾರದ ಪ್ರಶ್ನೆಯೊಂದಿದೆ: ‘ಈ ಕೆಳಗಿನ ವಾಕ್ಯಗಳನ್ನು ಸಂದರ್ಭದೊಡನೆ ವಿವರಿಸಿರಿ.’ ಇದಕ್ಕೆ ಉತ್ತರ ಬರೆಯುವ ಕ್ರಮವನ್ನೂ ಮೇಷ್ಟ್ರು ಗಟ್ಟಿಮಾಡಿಸಿರುತ್ತಿದ್ದರು. ಮೊದಲು ಆಯ್ಕೆ; ಅಂದರೆ ವಾಕ್ಯ ಯಾವ ಪಾಠದ್ದು, ಬರೆದವರು ಯಾರು. ಅನಂತರ ಸಂದರ್ಭ, ಯಾರು, ಯಾರಿಗೆ, ಯಾವಾಗ ಈ ಮಾತನ್ನು ಹೇಳಿದರು. ಎಲ್ಲಕ್ಕೂ ಕೊನೆಯಲ್ಲಿ ಸ್ವಾರಸ್ಯ. ಸಂದರ್ಭ ತಪ್ಪಿತೆಂದರೆ ಸ್ವಾರಸ್ಯವನ್ನು ಎಷ್ಟು ಸೊಗಸಾಗಿ ಬರೆದರೂ ಅಂಕ ಗಿಟ್ಟುವುದು ಕಷ್ಟವಾಗಿತ್ತು. ಹೀಗೆ ವರ್ಷಗಟ್ಟಲೆ ಸಂದರ್ಭ ಬರೆದು ಪಾಸಾಗಿ, ನೌಕರಿ ಹಿಡಿದು, ಊರು ಬಿಟ್ಟು ಬಂದ ನಾವು ಆ ‘ಸಂದರ್ಭ’ ಎಂಬ ಮಾತಿನ ಹುಟ್ಟೇನು, ಬಳಗವೇನು ಎಂದು ವಿಚಾರಿಸಿದ್ದು ಕಡಮೆ. ಕನ್ನಡ ನಾಡಿನ ಹೊರಗೆ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಅದನ್ನು ವಿಚಾರಿಸುವುದು ಬರಿಯ ಪಾಂಡಿತ್ಯದ ಮಾತಲ್ಲ ಎಂದು ತೋರಿದ್ದರಿಂದ ಈ ಲೇಖನ.

‘ಸಂದರ್ಭ’ ಸಂಸ್ಕೃತ ಶಬ್ದ. ‘ಸಂ’ ಎಂದರೆ ಒಟ್ಟಿಗೆ. ‘ದೃಭ್’ ಎಂಬ ಧಾತುವಿಗೆ ಪೋಣಿಸು, ಹೆಣೆ, ಕಂತೆ ಕಟ್ಟು ಎಂಬ ಅರ್ಥಗಳಿವೆ. ಹೂವನ್ನು ದಾರದಲ್ಲಿ ಪೋಣಿಸಿದಂತೆ ಒಟ್ಟುಗೂಡಿಸಿದ್ದು ಸಂದರ್ಭ. ನಾವು ಕರ್ಮಾಂಗಗಳಲ್ಲಿ ಬಳಸುವ ದರ್ಭೆಯ ಹೆಸರನ್ನೂ ಕೋಶಕಾರರು ಇದೇ ಧಾತುವಿಗೆ ಸೇರಿಸುತ್ತಾರೆ. ದರ್ಭೆ ಎಂದರೆ ಹುಲ್ಲಿನ ಕಂತೆ. ವಿಚಿತ್ರವೆಂದರೆ ಇಂಗ್ಲಿಷಿನ ‘ಕಾಂಟೆಕ್ಸ್ಟ್’ ಶಬ್ದದ ಮೂಲವೂ ಇಂಥದೇ. ಲ್ಯಾಟಿನ್ ಭಾಷೆಯಲ್ಲಿ ‘ಕಾನ್’ ಎಂದರೆ ಒಟ್ಟಿಗೆ, ‘ಟೆಕ್ಸೆರೆ’ ಎಂದರೆ ನೇಯುವುದು. ಮುಂಬಯಿಯ ಗಿರಣಿಗಳ ಕಾಲವನ್ನು ಕಂಡವರಿಗೆ ‘ಟೆಕ್ಸ್‌ಟೈಲ್’ ಎಂಬ ಮಾತು ಹೊಸದಲ್ಲ. ಅದೂ ಈ ಬಳಗದ್ದೇ. ಒಂದು ಕಡೆ ದಾರದಲ್ಲಿ ಪೋಣಿಸಿದರು, ಇನ್ನೊಂದು ಕಡೆ ಮಗ್ಗದಲ್ಲಿ ನೇಯ್ದರು. ಬಿಡಿ ಹೂವಿಗಿಂತ ಮಾಲೆ ಬೇರೆ, ಬಿಡಿ ಎಳೆಗಿಂತ ಬಟ್ಟೆ ಬೇರೆ ಎಂಬ ತಿಳಿವಳಿಕೆ ಮಾತ್ರ ಎರಡು ಕಡೆಯೂ ಒಂದೇ.

ಹಿಂದೆ ‘ಸಂದರ್ಭ’ ಎಂದರೆ ಮಾತಿನ ಜೋಡಣೆ, ರಚನೆ ಎಂದೇ ಮುಖ್ಯವಾದ ಅರ್ಥ. 12ನೆಯ ಶತಮಾನದ ಜಯದೇವ ಕವಿ ಗೀತಗೋವಿಂದದಲ್ಲಿ ಈ ಶಬ್ದವನ್ನು ಹಾಗೆಯೇ ಬಳಸಿದ್ದಾನೆ. 16ನೆಯ ಶತಮಾನದಲ್ಲಿ ಜೀವಗೋಸ್ವಾಮಿ ಬರೆದ ಆರು ಗ್ರಂಥಗಳಿಗೆ ‘ಷಟ್ ಸಂದರ್ಭ’ ಎಂದು ಹೆಸರು. ಅಲ್ಲಿ ಸಂದರ್ಭವೆಂದರೆ ಪ್ರಬಂಧ. ಇಂಗ್ಲಿಷಿನ ಶಬ್ದವೂ ಮೊದಮೊದಲು ರಚನೆ ಎಂಬ ಅರ್ಥದಲ್ಲಿದ್ದು, ಆಮೇಲೆ ಮಾತಿನ ಸುತ್ತಮುತ್ತಲಿನದು ಎಂಬ ಅರ್ಥಕ್ಕೆ ಬಂದಿತು. ಎರಡು ಶಬ್ದಗಳೂ ಮಾಲೆಯಿಂದ ಹೊರಟು, ಮಾಲೆಯಲ್ಲಿ ಈ ಹೂವಿನ ಅಕ್ಕಪಕ್ಕ ಏನಿದೆ ಎಂಬಲ್ಲಿಗೆ ಬಂದು ನಿಂತಿವೆ.

ಹಾಗಾದರೆ ನಾವು ಇಂದು ಸಂದರ್ಭ ಎನ್ನುವುದಕ್ಕೆ ನಮ್ಮ ಹಿರಿಯರು ಏನೆಂದರು? ‘ಪ್ರಕರಣ’ ಎಂದರು. ಇಂದು ಪ್ರಕರಣವೆಂದೊಡನೆ ನಮಗೆ ಪೊಲೀಸು, ಕೋರ್ಟು, ಪತ್ರಿಕೆಯ ಕಳ್ಳತನದ ಸುದ್ದಿ ನೆನಪಾಗುತ್ತವೆ. ಗ್ರಂಥದ ಅಧ್ಯಾಯಕ್ಕೂ ಪ್ರಕರಣ ಎಂಬ ಹೆಸರುಂಟು. ನಾಟಕಗಳಲ್ಲಿ ಪ್ರಕರಣ ಎಂಬ ಒಂದು ಜಾತಿಯೇ ಇದೆ. ಶೂದ್ರಕನ ‘ಮೃಚ್ಛಕಟಿಕ’ ಆ ಜಾತಿಗೆ ಸೇರಿದ್ದು. ಆದರೆ ಶಾಸ್ತ್ರಕಾರರಿಗೆ ಪ್ರಕರಣವೆಂದರೆ ಮುಖ್ಯವಾಗಿ ನಡೆಯುತ್ತಿರುವ ವಿಷಯ, ಮಾತು ಹುಟ್ಟಿದ ಸನ್ನಿವೇಶ. ಅದನ್ನು ವಿವರಿಸಲು ಅವರು ಕೊಡುತ್ತಿದ್ದ ಉದಾಹರಣೆ ಬಹು ಸ್ವಾರಸ್ಯವಾದದ್ದು. ಯಜಮಾನ ಸೇವಕನಿಗೆ ‘ಸೈಂಧವವನ್ನು ತಾ’ ಎನ್ನುತ್ತಾನೆ. ಸಿಂಧು ದೇಶದ ಉಪ್ಪೂ ಸೈಂಧವ, ಸಿಂಧು ದೇಶದ ಕುದುರೆಯೂ ಸೈಂಧವ. ಯಜಮಾನ ಊಟಕ್ಕೆ ಕುಳಿತಿದ್ದರೆ ಉಪ್ಪು ತರಬೇಕು. ಪ್ರಯಾಣಕ್ಕೆ ನಿಂತಿದ್ದರೆ ಕುದುರೆ ತರಬೇಕು. ಎಲೆಯ ಮುಂದೆ ಕುದುರೆ ತಂದು ಕಟ್ಟಿದ ಸೇವಕನಿಗೆ ನಿಘಂಟು ಚೆನ್ನಾಗಿ ಗೊತ್ತಿತ್ತೆಂದು ಯಾರೂ ಮೆಚ್ಚುವುದಿಲ್ಲ. ನಮ್ಮಲ್ಲಿ ಭಾರತದ ಕಥೆ ಕೇಳಿ ಬೆಳೆದವರಿಗೆ ಸೈಂಧವನೆಂದರೆ ಮೂರನೆಯವನೊಬ್ಬ, ಅಭಿಮನ್ಯುವಿನ ಹಿಂದೆ ಪಾಂಡವರನ್ನು ತಡೆದು ನಿಲ್ಲಿಸಿದ ಜಯದ್ರಥ, ನೆನಪಾಗುತ್ತಾನೆ. ಅವನನ್ನು ತರುವುದಂತೂ ಸೇವಕನಿಂದಾಗದ ಕೆಲಸ.

ಸುಮಾರು 5ನೆಯ ಶತಮಾನದ ಭರ್ತೃಹರಿ ತನ್ನ ‘ವಾಕ್ಯಪದೀಯ’ದಲ್ಲಿ, ಹಲವು ಅರ್ಥಗಳಿರುವ ಶಬ್ದದ ಒಂದು ಅರ್ಥವನ್ನು ನಿರ್ಣಯಿಸುವ ಸಾಧನಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಜೊತೆಯಲ್ಲಿರುವುದು, ಅಗಲಿರುವುದು, ಒಡನಾಟ, ವಿರೋಧ, ಪ್ರಯೋಜನ, ಪ್ರಕರಣ, ಗುರುತು, ಪಕ್ಕದ ಶಬ್ದ, ಸಾಮರ್ಥ್ಯ, ಔಚಿತ್ಯ, ದೇಶ, ಕಾಲ, ಶಬ್ದದ ಲಿಂಗ, ಸ್ವರ ಮೊದಲಾದವು. ಎಣಿಸಿದರೆ 14 ಆಗುತ್ತವೆ. 11ನೆಯ ಶತಮಾನದಲ್ಲಿ ಕಾಶ್ಮೀರದ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಇದೇ ಪಟ್ಟಿಯನ್ನು ಉದಾಹರಣೆಗಳ ಸಹಿತ ವಿವರಿಸಿದ. ‘ರಾಮಲಕ್ಷ್ಮಣರು’ ಎಂದರೆ ಲಕ್ಷ್ಮಣನ ಒಡನಾಟದಿಂದ ದಶರಥನ ಮಗನೆಂದು ತಿಳಿಯುತ್ತದೆ. ಹಗೆಗಳಾದ ಇಬ್ಬರನ್ನು ‘ರಾಮಾರ್ಜುನರಂತೆ’ ಎಂದರೆ? ನಮಗೆ ಥಟ್ಟನೆ ಅಯೋಧ್ಯೆಯ ರಾಮ, ಪಾಂಡವರ ಅರ್ಜುನ ಹೊಳೆಯುತ್ತಾರೆ. ಆದರೆ ಅವರಿಬ್ಬರಿಗೂ ಯಾವ ಹಗೆ? ವಿರೋಧವಿರುವುದರಿಂದ ಇಲ್ಲಿ ರಾಮ ಪರಶುರಾಮ, ಅರ್ಜುನ ಕಾರ್ತವೀರ್ಯಾರ್ಜುನ. ಹೆಸರು ಎರಡೇ, ನಡುವಿನ ಸಂಬಂಧ ಬದಲಾದೊಡನೆ ಇಬ್ಬರು ವ್ಯಕ್ತಿಗಳೇ ಬದಲಾದರು. ವಿಜ್ಞಾನ ಓದಿದ ನಮಗೆ ಇದನ್ನು ಕಂಡಾಗ ಇಂಗಾಲದ ನೆನಪಾಗುತ್ತದೆ. ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟಿನಲ್ಲೂ ಉಂಗುರದ ವಜ್ರದಲ್ಲೂ ಇರುವುದು ಅದೇ ಪರಮಾಣು. ಜೋಡಣೆ ಮಾತ್ರ ಬೇರೆ.

ಸಂದರ್ಭಕ್ಕೆ ಇಷ್ಟು ಬೆಲೆ ಕೊಟ್ಟ ಹಿರಿಯರು ಅದಕ್ಕೊಂದು ಮಿತಿಯನ್ನೂ ಹಾಕಿದರೆಂಬುದು ಗಮನಿಸಬೇಕಾದ ವಿಷಯ. ಜೈಮಿನಿಯ ಮೀಮಾಂಸಾಸೂತ್ರಗಳಲ್ಲಿ ವೈದಿಕ ವಾಕ್ಯಗಳನ್ನು ಅನ್ವಯಿಸಲು ಆರು ಪ್ರಮಾಣಗಳನ್ನು ಹೇಳಿದೆ: ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ. ಇವುಗಳಲ್ಲಿ ಜಗಳ ಬಂದರೆ ಮುಂಚಿನದೇ ಬಲವಾದದ್ದು. ಅಂದರೆ ಪ್ರಕರಣಕ್ಕೆ ನಾಲ್ಕನೆಯ ಸ್ಥಾನ. ನೇರವಾಗಿ, ಸ್ಪಷ್ಟವಾಗಿ ಹೇಳಿದ್ದನ್ನು ‘ಸಂದರ್ಭವೇ ಬೇರೆ ಇತ್ತು’ ಎಂದು ತಿರುಚುವಂತಿಲ್ಲ. ಫೈಲುಗಳ ನಡುವೆ ಕಾಲ ಕಳೆಯುವ ನಮ್ಮಂಥ ಗುಮಾಸ್ತರಿಗೆ ಈ ನಿಯಮ ಪರಿಚಿತವೇ. ಆಜ್ಞೆಯಲ್ಲಿ ಖಚಿತವಾಗಿ ಬರೆದಿದ್ದರೆ ಊಹೆಗೆ ಎಡೆಯಿಲ್ಲ. ಬರೆದದ್ದು ಅಸ್ಪಷ್ಟವಾದಾಗಲೇ ಹಿಂದಿನ ಪತ್ರವ್ಯವಹಾರವನ್ನು ತೆರೆಯುವುದು. ಮಾತಾಡಿ ಸಿಕ್ಕಿಬಿದ್ದ ಮುಖಂಡರು ‘ನನ್ನ ಮಾತನ್ನು ಸಂದರ್ಭದಿಂದ ಬೇರ್ಪಡಿಸಿದ್ದಾರೆ’ ಎಂದು ಪತ್ರಿಕಾ ಹೇಳಿಕೆ ಕೊಡುವಾಗಲೆಲ್ಲ ಜೈಮಿನಿಯ ಈ ಕ್ರಮವನ್ನು ನೆನೆಯಬಹುದು.

ಸಂದರ್ಭ ಕಳೆದುಹೋದ ಮಾತಿಗೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ದೊಡ್ಡ ನಿದರ್ಶನವಿದೆ, ಅದರ ಕೊನೆಯ ಅಂಕ ನಡೆದದ್ದು ನಮ್ಮ ರಾಯಚೂರು ಸೀಮೆಯಲ್ಲಿ. ದೇಶದ ಬಂಡೆಗಳ ಮೇಲೆ, ಕಂಬಗಳ ಮೇಲೆ ಕೊರೆದಿದ್ದ ಬ್ರಾಹ್ಮಿ ಲಿಪಿಯನ್ನು ಓದುವವರೇ ಶತಮಾನಗಳ ಕಾಲ ಇರಲಿಲ್ಲ. 1837ರಲ್ಲಿ ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಓದಿದ. ‘ದೇವಾನಾಂಪ್ರಿಯ ಪ್ರಿಯದರ್ಶಿ ರಾಜ’ ಎಂದು ತಿಳಿಯಿತು. ಅಕ್ಷರ ತಿಳಿಯಿತು, ಅರ್ಥವೂ ತಿಳಿಯಿತು, ದೇವತೆಗಳಿಗೆ ಪ್ರಿಯನಾದವನು. ಆದರೆ ಯಾರವನು? ಸಿಂಹಳದಲ್ಲಿ ದೇವಾನಾಂಪಿಯ ತಿಸ್ಸ ಎಂಬ ರಾಜನಿದ್ದುದರಿಂದ ಪ್ರಿನ್ಸೆಪ್ ಮೊದಲು ಅವನೇ ಇರಬೇಕೆಂದ. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಅಲ್ಲಿಯ ಪಾಲಿ ಗ್ರಂಥವಾದ ‘ದೀಪವಂಸ’ದ ಆಧಾರದಿಂದ ಪ್ರಿಯದರ್ಶಿಯೆಂದರೆ ಮೌರ್ಯ ಅಶೋಕ ಎಂದು ತೋರಿಸಿಕೊಟ್ಟ. ಆದರೂ ಆವರೆಗೆ ದೊರೆತ ಶಾಸನಗಳಲ್ಲಿ ಎಲ್ಲಿಯೂ ಅಶೋಕ ಎಂಬ ಹೆಸರಿರಲಿಲ್ಲ. ಅದು ಸಿಕ್ಕಿದ್ದು 1915ರಲ್ಲಿ, ಅಂದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಮಸ್ಕಿಯಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಆ ಬಂಡೆಯ ಮೇಲೆ ‘ದೇವಾನಾಂಪ್ರಿಯ’ ಎಂಬುದರ ಜೊತೆಗೆ ‘ಅಶೋಕ’ ಎಂಬ ಹೆಸರೂ ಇತ್ತು. ಭರ್ತೃಹರಿಯ ಪಟ್ಟಿಯಲ್ಲಿ ಹೇಳುವುದಾದರೆ ಇದು ‘ಪಕ್ಕದ ಶಬ್ದ’ದ ಸಾಕ್ಷ್ಯ. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೋಳಂ ಶಾಸನಗಳಲ್ಲಿಯೂ ಆ ಹೆಸರು ದೊರೆಯಿತು. ಪ್ರಿನ್ಸೆಪ್ ಊರು ಬಿಟ್ಟು ದೂರ ನೌಕರಿಗೆ ಬಂದವನೆಂಬುದು ನಮ್ಮಂಥವರಿಗೆ ಸಮಾಧಾನ ತರುವ ಸಂಗತಿ.

ಈ ಕಥೆಗೆ ಇನ್ನೊಂದು ಮುಖವಿದೆ. ಅಶೋಕ ಹೆಮ್ಮೆಯಿಂದ ಧರಿಸಿದ ಬಿರುದು ‘ದೇವಾನಾಂಪ್ರಿಯ’. ಅವನ ಮೊಮ್ಮಗ ದಶರಥನೂ ನಾಗಾರ್ಜುನಿ ಗುಹೆಗಳ ಶಾಸನಗಳಲ್ಲಿ ಅದನ್ನೇ ಇಟ್ಟುಕೊಂಡಿದ್ದಾನೆ. ಆದರೆ ಸಂಸ್ಕೃತ ವ್ಯಾಕರಣದಲ್ಲಿ ಆ ಮಾತು ಕಾಲಾಂತರದಲ್ಲಿ ಬೇರೆ ದಾರಿ ಹಿಡಿಯಿತು. 17ನೆಯ ಶತಮಾನದ ಭಟ್ಟೋಜಿ ದೀಕ್ಷಿತರ ‘ಸಿದ್ಧಾಂತಕೌಮುದಿ’ಯಲ್ಲಿ ಅದರ ಅರ್ಥ ‘ಮೂರ್ಖ’ ಎಂದು. ಚಕ್ರವರ್ತಿಯ ಬಿರುದು ಬೈಗುಳವಾಯಿತು! ಶಬ್ದದ ಒಂದು ಅಕ್ಷರವೂ ಸವೆಯಲಿಲ್ಲ. ಸವೆದದ್ದು ಅದರ ಸಂದರ್ಭ. ಆ ಬಿರುದನ್ನು ಗೌರವದಿಂದ ಕೇಳುತ್ತಿದ್ದ ಜನ, ಆ ಆಸ್ಥಾನ, ಆ ಕಾಲ ಮರೆಯಾಗಿದ್ದವು.

ನಮ್ಮ ಕನ್ನಡದಲ್ಲಿಯೂ ಇಂಥ ಸಂಗತಿಗಳು ಹೇರಳವಾಗಿವೆ. 12ನೆಯ ಶತಮಾನದ ಜೈನ ಕವಿ ಬ್ರಹ್ಮಶಿವ ಬರೆದ ಗ್ರಂಥದ ಹೆಸರು ‘ಸಮಯಪರೀಕ್ಷೆ’. ಇಂದಿನ ಹುಡುಗನಿಗೆ ಈ ಹೆಸರು ಹೇಳಿದರೆ ಗಡಿಯಾರ ನೋಡಿಯಾನು, ಇಲ್ಲವೇ ಪರೀಕ್ಷೆಯ ವೇಳಾಪಟ್ಟಿಯೆಂದು ಬೆದರಿಯಾನು. ಅಲ್ಲಿ ಸಮಯವೆಂದರೆ ಮತ. ಅದು ಬೇರೆ ಬೇರೆ ಮತಗಳನ್ನು ಒರೆಗೆ ಹಚ್ಚುವ ಗ್ರಂಥ. ಶಾಸನಗಳಲ್ಲಿಯೂ ಸಮಯ ಶಬ್ದ ಆ ಅರ್ಥದಲ್ಲಿ ಬರುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ಒಪ್ಪಂದ, ಕಟ್ಟುಪಾಡು ಎಂಬ ಅರ್ಥವೂ ಇದೆ. ‘ಕವಿಸಮಯ’ ಎನ್ನುವಾಗ ಅದೇ ಅರ್ಥ ಇಂದಿಗೂ ಉಳಿದುಕೊಂಡಿದೆ. ಹೀಗೆ ಹಳೆಯ ಮಾತಿಗೂ ಹೊಸ ಓದುಗನಿಗೂ ನಡುವೆ ಬಿರುಕು ಬೀಳುವುದನ್ನು ನಮ್ಮ ವೈಯಾಕರಣರು ಎಂದೋ ಕಂಡಿದ್ದರು. ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ, ಸೂತ್ರಗಳನ್ನು ಹೇಳಿ ಮುಗಿಸದೆ, ‘ಪ್ರಯೋಗಸಾರ’ ಎಂಬ ಭಾಗವನ್ನೂ ಸೇರಿಸಿ ಹಳೆಯ ಮಾತುಗಳಿಗೆ ಅರ್ಥ ಕೊಟ್ಟ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶದಲ್ಲಿಯೂ, ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟಿನಲ್ಲಿಯೂ ಶಬ್ದದ ಮುಂದೆ ಬರಿಯ ಅರ್ಥವಿಲ್ಲ, ಪ್ರಯೋಗವೂ ಇದೆ. ಯಾರು ಎಲ್ಲಿ ಬಳಸಿದರು ಎಂಬುದನ್ನು ಬಿಟ್ಟು ಅರ್ಥವನ್ನು ಮಾತ್ರ ಹೇಳುವುದು ಅರ್ಧ ಕೆಲಸವೆಂದು ಅವರೆಲ್ಲ ಬಲ್ಲರು.

ಕಾಲ ದಾಟಿದಾಗ ಆಗುವುದೇ ಊರು ದಾಟಿದಾಗಲೂ ಆಗುತ್ತದೆ. ಕೇಂದ್ರ ಸರ್ಕಾರದ ನೌಕರಿಯಲ್ಲಿ ಊರಿಂದೂರಿಗೆ ವರ್ಗವಾಗುವ ನಮಗೆ ಇದು ಪುಸ್ತಕದಿಂದ ಕಲಿಯಬೇಕಾದ ಪಾಠವಲ್ಲ. ‘ಅವಸರ’ ಎಂಬ ಒಂದು ಶಬ್ದವನ್ನೇ ತೆಗೆದುಕೊಳ್ಳೋಣ. ಅದರ ಮೂಲಾರ್ಥ ತಕ್ಕ ಸಮಯ, ಸಂದರ್ಭ ಎಂದೇ. ಹಿಂದಿಯಲ್ಲಿ ಅದು ಅವಕಾಶ, ತೆಲುಗಿನಲ್ಲಿ ಅಗತ್ಯ, ತಮಿಳಿನಲ್ಲಿಯೂ ನಮ್ಮಲ್ಲಿಯೂ ತ್ವರೆ. ಘಾಟಿ ರಸ್ತೆಯಲ್ಲಿ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಫಲಕವನ್ನು ಹಿಂದಿಯ ಕಣ್ಣಿನಿಂದ ಓದಿದವನು ಕರ್ನಾಟಕದಲ್ಲಿ ಅವಕಾಶ ಸಿಕ್ಕುವುದೇ ಅಪಾಯ ಎಂದುಕೊಂಡಾನು! ಇನ್ನು ‘ಅವಕಾಶ’ವೆಂದರೆ ನಮಗೆ ಸಿಕ್ಕುವ ಸದವಕಾಶ, ಹಿಂದಿಯಲ್ಲಿ ರಜೆ. ನಮ್ಮ ಕಚೇರಿಗಳ ಹಿಂದಿ ನಮೂನೆಯಲ್ಲಿ ‘ಆಕಸ್ಮಿಕ ಅವಕಾಶ’ ಎನ್ನುವುದು ಕರ್ನಾಟಕದ ಕಚೇರಿಗಳಲ್ಲಿ ‘ಸಾಂದರ್ಭಿಕ ರಜೆ’. ಪತ್ರದ ತಲೆಯಲ್ಲಿ ಹಿಂದಿನವರು ‘ಸಂದರ್ಭ’ ಎಂದು ಬರೆಯುವ ಕಡೆ ಕನ್ನಡದಲ್ಲಿ ‘ಉಲ್ಲೇಖ’ ಎಂದು ಬರೆಯುತ್ತಾರೆ.

‘ಪ್ರಸಂಗ’ದ ಪ್ರವಾಸವೂ ಹೀಗೆಯೇ. ಕರಾವಳಿಯವರಿಗೆ ಪ್ರಸಂಗವೆಂದರೆ ಯಕ್ಷಗಾನದ ಕಥೆ. ಮುಂಬಯಿಯಲ್ಲಿ ಮೇಳ ಬಂದಾಗ ‘ಈ ಸಲ ಯಾವ ಪ್ರಸಂಗ?’ ಎಂದೇ ಕೇಳುವುದು. ತೆಲುಗರಿಗೆ ಅದು ಭಾಷಣ, ತಮಿಳರಿಗೆ ಉಪನ್ಯಾಸ ಅಥವಾ ಪ್ರವಚನ, ಮರಾಠಿಗರಿಗೆ ಘಟನೆ, ಕೆಲವೊಮ್ಮೆ ಒದಗಿ ಬಂದ ಸಂಕಟ. ಸಮಯಕ್ಕೆ ಸರಿಯಾಗಿ ಬುದ್ಧಿ ಓಡುವುದಕ್ಕೆ ಮರಾಠಿಯಲ್ಲೂ ಕನ್ನಡದಲ್ಲೂ ‘ಪ್ರಸಂಗಾವಧಾನ’ ಎಂಬ ಹೆಸರಿದೆ. ಸಂದರ್ಭವನ್ನು ಮೀರಿ ಮಾತಾಡುವವನಿಗೆ ಕನ್ನಡ, ತಮಿಳುಗಳೆರಡರಲ್ಲೂ ‘ಅಧಿಕಪ್ರಸಂಗಿ’ ಎಂಬ ಬಿರುದು. ಸಂದರ್ಭವನ್ನು ತನ್ನ ಲಾಭಕ್ಕೆ ತಿರುಗಿಸಿಕೊಳ್ಳುವವನು ಎಲ್ಲ ಊರಿನಲ್ಲೂ ಇದ್ದಾನೆ. ಕನ್ನಡದಲ್ಲಿ ಸಮಯಸಾಧಕ, ಹಿಂದಿಯಲ್ಲಿ ಅವಸರವಾದಿ, ತಮಿಳಿನಲ್ಲಿ ಸಂದರ್ಪ್ಪವಾದಿ, ಮರಾಠಿಯಲ್ಲಿ ಸಂಧಿಸಾಧು. ಹೆಸರು ನಾಲ್ಕಾದರೂ ಆಸಾಮಿ ಒಬ್ಬನೇ. ನಾಲ್ಕು ಊರುಗಳಲ್ಲಿ ದುಡಿದವರು ಅವನನ್ನು ಗುರುತಿಸಲು ಕಷ್ಟಪಡುವುದಿಲ್ಲ.

ಇವೆಲ್ಲ ಸಂಸ್ಕೃತದಿಂದ ಬಂದ ಮಾತುಗಳು. ಅಚ್ಚಗನ್ನಡದಲ್ಲಿ ಸಂದರ್ಭಕ್ಕೆ ಮಾತಿಲ್ಲವೆ? ಬೇಕಾದಷ್ಟಿವೆ. ‘ಹಿಂದುಮುಂದು ನೋಡದೆ ಮಾತಾಡಬೇಡ’ ಎಂದು ನಮ್ಮ ಅಜ್ಜಿಯರು ಗದರಿಸುತ್ತಿದ್ದಾಗ ಹೇಳಿದ್ದು ಇದನ್ನೇ. ಪಂಡಿತರು ಅದನ್ನೇ ಪೂರ್ವಾಪರ ಎಂದರು. ಹೆಣ್ಣು ಕೊಡುವ ಮೊದಲು ‘ಅವರ ಪೂರ್ವಾಪರ ವಿಚಾರಿಸಿದಿರಾ?’ ಎಂದು ಕೇಳುವುದು ಇಂದಿಗೂ ಬಿಟ್ಟಿಲ್ಲ. ‘ಹೊತ್ತುಗೊತ್ತಿಲ್ಲದೆ’ ಬರುವ ನೆಂಟರನ್ನು ಎಲ್ಲರೂ ಬಲ್ಲೆವು. ‘ಹಿನ್ನೆಲೆ’ ಎಂಬ ಸೊಗಸಾದ ಮಾತು ಚಿತ್ರಕ್ಕೂ ಸಂಗೀತಕ್ಕೂ ಚರಿತ್ರೆಗೂ ಒದಗಿ ಬಂದಿದೆ. ಬೆನ್ನ ಹಿಂದಿನ ನೆಲೆ ಎಂದು ಅದರ ಅರ್ಥ ಯಾರು ಹೇಳದೆಯೂ ತಿಳಿಯುತ್ತದೆ. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯಲ್ಲಿ ಮಾತು ಬಲ್ಲವನೆಂದರೆ ಶಬ್ದಗಳನ್ನು ಬಲ್ಲವನಲ್ಲ, ಅವುಗಳ ಹೊತ್ತುಗೊತ್ತು ಬಲ್ಲವನು.

ಇಲ್ಲಿಗೆ ಬಂದಾಗ ಮಾತು ನಮ್ಮ ಮನೆಯ ಬಾಗಿಲಿಗೇ ಬಂದಂತಾಯಿತು. ನಮ್ಮ ಮಕ್ಕಳಿಗೆ ಕನ್ನಡ ಬರುತ್ತದೆಯೆ ಎಂದು ಕೇಳಿದರೆ ‘ಅರ್ಥವಾಗುತ್ತದೆ’ ಎನ್ನುತ್ತೇವೆ. ಸಂಘದ ಕನ್ನಡ ತರಗತಿಗೆ ಕಳಿಸುತ್ತೇವೆ, ಅಕ್ಷರ ಕಲಿಸುತ್ತೇವೆ, ನಿಘಂಟನ್ನೂ ಕೊಡಿಸುತ್ತೇವೆ. ಇವೆಲ್ಲ ಆಗಬೇಕಾದ ಕೆಲಸಗಳೇ. ಆದರೆ ಊರಿನಿಂದ ಬಂದ ಅಜ್ಜಿ ರಾತ್ರಿ ಮಲಗುವಾಗ ‘ದೀಪ ದೊಡ್ಡದು ಮಾಡು ಮಗು’ ಎಂದರೆ ಮಗು ಏನು ಮಾಡಬೇಕು? ಶಬ್ದಾರ್ಥ ಬಲ್ಲ ಮಗು ಬತ್ತಿಯನ್ನು ಏರಿಸುತ್ತದೆ. ದೀಪ ಆರಿತೆಂಬ ಮಾತನ್ನು ಬಾಯಲ್ಲಿ ಆಡಬಾರದೆಂದು ಹಿರಿಯರು ದೊಡ್ಡದು ಮಾಡು ಎನ್ನುತ್ತಾರೆಂದು ಯಾವ ತರಗತಿಯಲ್ಲಿ ಹೇಳಿಕೊಟ್ಟಾರು? ಬಳೆ ಒಡೆದಾಗ ‘ಬಳೆ ಹೆಚ್ಚಿತು’ ಎನ್ನುವುದೂ, ಡಬ್ಬಿ ಬರಿದಾದಾಗ ‘ಅಕ್ಕಿ ಹೆಚ್ಚಿದೆ’ ಎನ್ನುವುದೂ, ಹೊರಡುವಾಗ ‘ಹೋಗಿ ಬರುತ್ತೇನೆ’ ಎಂದೇ ಹೇಳಬೇಕೆನ್ನುವುದೂ ಇಂಥವೇ. ನೆರೆಯ ಮರಾಠಿಗರ ಮನೆಯಲ್ಲಿಯೂ ಬಳೆ, ದೀಪಗಳನ್ನು ‘ವಾಢವಣೇ’, ಅಂದರೆ ಹೆಚ್ಚಿಸುವುದು ಎನ್ನುತ್ತಾರೆ. ಹೊರಡುವವನು ‘ಯೇತೋ’, ಬರುತ್ತೇನೆ, ಎಂದೇ ಹೊರಡುತ್ತಾನೆ. ಅಲ್ಲಿಯ ಮಗುವಿಗೆ ಅದು ದಿನವೂ ಕಿವಿಗೆ ಬೀಳುತ್ತದೆ. ನಮ್ಮ ಮಗುವಿಗೆ ಬೀಳುವುದು ಅಜ್ಜಿ ಬಂದಾಗ ಮಾತ್ರ. ಅಜ್ಜಿ ಇಲ್ಲವಾದ ಮೇಲೆ ಅದೂ ಇಲ್ಲ. ಅಕ್ಷರವೆಲ್ಲ ಇದ್ದೂ ‘ದೇವಾನಾಂಪ್ರಿಯ’ ಬೇರೊಂದಾದದ್ದು ಹೀಗೆಯೇ ಅಲ್ಲವೆ?

ಬ್ರಾಹ್ಮಿಯನ್ನು ಓದಲು ಪ್ರಿನ್ಸೆಪ್ ಬಂದ, ಹೆಸರನ್ನು ಕಾಪಾಡಿಕೊಂಡು ಮಸ್ಕಿಯ ಬಂಡೆ ಕಾದಿತ್ತು. ಆಡುಮಾತಿನ ಸಂದರ್ಭಕ್ಕೆ ಬಂಡೆಗಳಿಲ್ಲ. ಅದನ್ನು ಇಟ್ಟುಕೊಂಡಿರುವವರು ಮನುಷ್ಯರು, ಅದರಲ್ಲೂ ವಯಸ್ಸಾದವರು. ಆದ್ದರಿಂದ ಸಂಘದ ಸದಸ್ಯರಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ಮನೆಗೆ ಹಿರಿಯರು ಬಂದಿರುವಾಗ ಅವರ ಬಾಯಲ್ಲಿ ಬರುವ ಇಂಥ ಒಂದೊಂದು ಮಾತನ್ನು ಮಕ್ಕಳ ಕೈಯಿಂದಲೇ ಬರೆಸಿರಿ. ಅರ್ಥವನ್ನು ಬರೆದು ನಿಲ್ಲಿಸದೆ, ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದನ್ನೂ ಬರೆಸಿರಿ. ಧಾರವಾಡದ ಮನೆಯದು ಒಂದು ಬಗೆ, ಮೈಸೂರಿನದು ಒಂದು ಬಗೆ, ಕುಂದಾಪುರದ್ದು ಮತ್ತೊಂದು ಬಗೆ ಇರುತ್ತದೆ, ಎಲ್ಲವೂ ಬರಲಿ. ತಿಂಗಳಿಗೆ ನಾಲ್ಕು ಮನೆಯವರು ಕಳಿಸಿದರೂ ಈ ಪತ್ರಿಕೆಯ ಅರ್ಧ ಪುಟಕ್ಕೆ ಸಾಕು, ವರ್ಷದ ಕೊನೆಗೆ ಒಂದು ಚಿಕ್ಕ ಪುಸ್ತಕಕ್ಕೂ ಸಾಲುತ್ತದೆ. ಖರ್ಚೇನೂ ಇಲ್ಲ, ಊರಿನ ಹಿರಿಯರ ಹತ್ತಿರ ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕಾಗುತ್ತದೆ, ಅಷ್ಟೇ.